ವಿದೇಶದಿಂದ ಊರಿನ ಆಸ್ತಿ ನೋಡಿಕೊಳ್ಳಲು ಮುಖತ್ಯಾರ ಪತ್ರ: ಯಾವುದು ಮೊದಲು, ಯಾವುದು ಆಮೇಲೆ

ನನ್ನ ತಮ್ಮ ದುಬೈನಲ್ಲಿದ್ದಾನೆ. ಜಮಖಂಡಿ ತಾಲ್ಲೂಕಿನಲ್ಲಿ ಅವನ ಪಾಲಿನ ಹೊಲ, ಪೇಟೆಯಲ್ಲಿ ಒಂದು ಮನೆ ಇವೆ. ಎರಡನ್ನೂ ಅವನ ಪರವಾಗಿ ನಾನೇ ನೋಡಿಕೊಳ್ಳುತ್ತೇನೆ. ಅದಕ್ಕೆ ಅವನು ಮುಖತ್ಯಾರ ಪತ್ರ ಕೊಡಬೇಕು, ಅಂದರೆ ತನ್ನ ಪರವಾಗಿ ಕೆಲಸ ಮಾಡಲು ನನಗೆ ಅಧಿಕಾರ ಕೊಡುವ ಕಾಗದ. ಅವನು ಮೊದಲ ಸಲ ಕಳಿಸಿದ್ದು ಕೆಲಸಕ್ಕೆ ಬರಲಿಲ್ಲ. ಎರಡನೆಯದು ಬಂತು. ಆಮೇಲೆ ಬೀಗರು, ಗೆಳೆಯರು, ಅವರ ಪರಿಚಯದವರು ಅಂತ ಸಾಕಷ್ಟು ಜನ ತಮ್ಮ ಪತ್ರಗಳನ್ನು ತಂದು ತೋರಿಸಿದ್ದಾರೆ. ಹೆಚ್ಚಿನವರದ್ದು ಒಂದೇ ತಪ್ಪು: ಸಹಿಯಿಂದ ಶುರು ಮಾಡಿರುತ್ತಾರೆ.

ಎಲ್ಲೋ ಸಿಕ್ಕ ನಮೂನೆ ಪ್ರಿಂಟ್ ತೆಗೆದು, ಎಂಬಸಿಯಲ್ಲಿ ಶಿಕ್ಕಾ (ಮೊಹರು) ಹಾಕಿಸಿ ಕೊರಿಯರ್ ಮಾಡುತ್ತಾರೆ. ಸಬ್ ರಜಿಸ್ಟ್ರಾರ್ ಆಫೀಸಿಗೆ ಹೋದಾಗ ಗೊತ್ತಾಗುತ್ತದೆ, ಹೆಸರು ಹೊಂದುವುದಿಲ್ಲ. ಇಲ್ಲವೇ ಸರ್ವೆ ನಂಬರಿನ ಹಿಸ್ಸಾ, ಅಂದರೆ ಉಪಭಾಗದ ನಂಬರ್, ಬಿಟ್ಟುಹೋಗಿದೆ. ಇಲ್ಲವೇ ಮಾರುವ ಅಧಿಕಾರ ಇದೆ, ನೋಂದಣಿಗೆ ಹಾಜರಾಗುವ ಅಧಿಕಾರ ಬರೆದಿಲ್ಲ. ಅಲ್ಲಿಂದ ಮತ್ತೆ ಅಪಾಯಿಂಟ್‌ಮೆಂಟ್, ಮತ್ತೆ ರಜೆ, ಮತ್ತೆ ಖರ್ಚು.

ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಸಹಿ ಬರುವುದು ಐದನೇ ಹಂತದಲ್ಲಿ.

ಹೆಸರಿನ ಗೊಂದಲ ಬೇಡ. ನಮ್ಮ ಕಡೆ ವಟಮುಖತ್ಯಾರ ಪತ್ರ ಅಂತಾರೆ, ಸರ್ಕಾರಿ ಕಾಗದದಲ್ಲಿ ಅಧಿಕಾರ ಪತ್ರ ಅಂತ ಇರುತ್ತದೆ, ಬಾಯಿಮಾತಿಗೆ ಜಿಪಿಎ. ಎಲ್ಲಾ ಒಂದೇ ಜಾತಿಯ ಕಾಗದ. ಹಲವು ಕೆಲಸಗಳಿಗೆ ಕೊಟ್ಟರೆ ಜಿಪಿಎ, ಗೊತ್ತಾದ ಒಂದು ಕೆಲಸಕ್ಕೆ ಕೊಟ್ಟರೆ ಎಸ್‌ಪಿಎ. ಕೊಡುವವರು ಮಾಲೀಕರು, ಪಡೆಯುವವರು ಮುಖತ್ಯಾರರು.

ಮೊದಲು ಕೂಡಿಸಿಕೊಳ್ಳಬೇಕಾದ ಕಾಗದಗಳು

ಹೊಲವಾದರೆ ಈ ವರ್ಷದ ಉತಾರ (ಪಹಣಿ), ಮ್ಯುಟೇಶನ್ (ಹೆಸರು ಬದಲಾವಣೆ) ಪ್ರತಿ, ವಾಟ್ನಿ (ಪಾಲು ವಿಭಾಗ) ಆಗಿದ್ದರೆ ವಾಟ್ನಿ ಪತ್ರ ಬೇಕು. ಪೇಟೆಯ ಮನೆ ಅಥವಾ ಪ್ಲಾಟ್ ಆದರೆ ಖರೀದಿ ಪತ್ರ, ಸಿಟಿ ಸರ್ವೆ ಉತಾರ, ಇ-ಆಸ್ತಿ ಖಾತೆ. ಪಂಚಾಯಿತಿ ವ್ಯಾಪ್ತಿಯ ಪ್ಲಾಟ್ ಆದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ಬಾಗಲಕೋಟೆ ನವನಗರದ ಪ್ಲಾಟ್ ಆದರೆ ಬಿಟಿಡಿಎ (ಬಾಗಲಕೋಟೆ ಪಟ್ಟಣಾಭಿವೃದ್ಧಿ ಪ್ರಾಧಿಕಾರ) ಕೊಟ್ಟ ಹಕ್ಕುಪತ್ರವನ್ನೂ ತೆಗೆದಿಡಿ. ಇವುಗಳ ಜೊತೆ ಋಣಭಾರ ಪತ್ರ, ಅಂದರೆ ಇಸಿ. ಮಾಲೀಕರ ಪಾಸ್‌ಪೋರ್ಟ್, ವೀಸಾ ಅಥವಾ ಅಲ್ಲಿನ ವಾಸದ ಗುರುತು, ಪ್ಯಾನ್ ಕಾರ್ಡ್ ಬೇಕು. ಮುಖತ್ಯಾರರ ಆಧಾರ್, ಪ್ಯಾನ್ ಬೇಕು. ಇಬ್ಬರದೂ ಹೊಸ ಫೋಟೋ ಇರಲಿ.

ಹಂತ 1: ಉತಾರದಲ್ಲಿ ಯಾರ ಹೆಸರಿದೆ ನೋಡಿ

ಈ ಹಂತವನ್ನು ಬಿಟ್ಟವರೇ ಜಾಸ್ತಿ. "ಅದು ನಮ್ಮ ಹೊಲ" ಅನ್ನುವುದು ಬೇರೆ, ಉತಾರದಲ್ಲಿ ನಿಮ್ಮ ಹೆಸರು ಇರುವುದು ಬೇರೆ. ಭೂಮಿ ವೆಬ್‌ಸೈಟಿನಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರ್ ಹಾಕಿದರೆ ಎಲ್ಲಿಂದ ಬೇಕಾದರೂ ನೋಡಬಹುದು. 9ನೇ ಕಾಲಂನಲ್ಲಿ ಮಾಲೀಕರ ಹೆಸರು ಇರುತ್ತದೆ. 11ನೇ ಕಾಲಂನಲ್ಲಿ ಸಾಲ, ಬೋಜಾ, ಕೋರ್ಟಿನ ತಡೆ ಇರುತ್ತವೆ. 12ನೇ ಕಾಲಂನಲ್ಲಿ ಸಾಗುವಳಿ ಯಾರದು, ಬೆಳೆ ಏನು ಅಂತ ಇರುತ್ತದೆ. ಮೂರನ್ನೂ ಓದಿ.

ಅಪ್ಪ ತೀರಿಕೊಂಡಿದ್ದಾರೆ, ಹೊಲ ಇನ್ನೂ ಅವರ ಹೆಸರಿನಲ್ಲೇ ಇದೆ, ಮಗ ಅಮೆರಿಕದಿಂದ "ಮಾರು" ಅಂತ ಅಣ್ಣನಿಗೆ ಪತ್ರ ಕಳಿಸುತ್ತಾನೆ. ಆ ಪತ್ರದಿಂದ ಮಾರಲು ಆಗುವುದಿಲ್ಲ. ಮೊದಲು ವಾರಸಾ ಆಗಬೇಕು, ಅಂದರೆ ವಾರಸುದಾರರ ಹೆಸರು ಉತಾರದಲ್ಲಿ ಏರಬೇಕು. ಅದಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷ ಬೇಕು. ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರು ಬಿಡಬೇಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರ ತಿದ್ದುಪಡಿ ಹೇಳುತ್ತದೆ. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟ ಮಾಡಿದೆ. ಅವರನ್ನು ಬಿಟ್ಟು ಮಾಡಿದ ಖರೀದಿ ಪತ್ರ ಮುಂದೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ವಾರಸಾ ಅರ್ಜಿ ಕೊಡಲು ನೀವೇ ಬರಬೇಕೆಂದಿಲ್ಲ. ಅದಕ್ಕೂ ಮುಖತ್ಯಾರ ಪತ್ರ ಕೊಡಬಹುದು. ಆದರೆ ಆ ಅಧಿಕಾರವನ್ನು ಪತ್ರದಲ್ಲಿ ಬಿಡಿಸಿ ಬರೆದಿರಬೇಕು.

ಹೆಸರಿನ ತಾಳೆ ಈಗಲೇ ನೋಡಿ. ಉತಾರದಲ್ಲಿ ಮಲ್ಲಪ್ಪ ಅಂತ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಮಲ್ಲಿಕಾರ್ಜುನ. ನಮ್ಮ ಕಡೆ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಅಂತ ಮೂರು ಬರೆಯುತ್ತೇವೆ. ಪಾಸ್‌ಪೋರ್ಟಿನಲ್ಲಿ ಅದು ಹಿಂದುಮುಂದಾಗಿರುತ್ತದೆ. ಹೆಣ್ಣುಮಕ್ಕಳಿಗೆ ತವರಿನ ಹೆಸರು ಒಂದು, ಗಂಡನ ಮನೆಯ ಹೆಸರು ಇನ್ನೊಂದು. ಇದಕ್ಕೆ ಪರಿಹಾರ ಸುಲಭ. ಪತ್ರದಲ್ಲಿ ಎರಡೂ ಹೆಸರನ್ನು "ಉರ್ಫ್" ಹಾಕಿ ಬರೆಸಿ, ಇಬ್ಬರೂ ಒಬ್ಬರೇ ಅಂತ ಒಂದು ಅಫಿಡವಿಟ್ ಮಾಡಿಸಿ. ಶಿಕ್ಕಾ ಬಿದ್ದ ಮೇಲೆ ಪೆನ್ನಿನಲ್ಲಿ ತಿದ್ದಲು ಬರುವುದಿಲ್ಲ.

ಹಂತ 2: ಯಾವ ಕೆಲಸಕ್ಕೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ

ವಕೀಲರ ಹತ್ತಿರ ಹೋಗುವ ಮೊದಲು ಇದನ್ನು ಮನೆಯಲ್ಲೇ ಕೂತು ಮಾಡಿ. ಬಾಡಿಗೆ ವಸೂಲಿ, ಮನೆ ತೆರಿಗೆ, ಹೆಸ್ಕಾಂ ಬಿಲ್ಲು, ರಿಪೇರಿ. ಹೊಲದ ಸಾಗುವಳಿ, ಕಬ್ಬಿನ ಬಿಲ್ಲು, ಬೆಳೆ ವಿಮೆ. ವಾರಸಾ, ವಾಟ್ನಿ, ಪೋಡಿ (ಸರ್ವೆ ನಂಬರನ್ನು ಅಳೆದು ಭಾಗ ಮಾಡುವುದು). ಕೋರ್ಟಿನ ಕೇಸು. ಮಾರಾಟ. ಇವುಗಳಲ್ಲಿ ಈಗ ಬೇಕಾಗಿರುವುದು ಯಾವುದು?

ನನ್ನ ಅಭಿಪ್ರಾಯ ಇದರಲ್ಲಿ ಗಟ್ಟಿಯಾಗಿದೆ. ನೋಡಿಕೊಳ್ಳುವುದಕ್ಕೆ ಒಂದು ಪತ್ರ, ಮಾರುವುದಕ್ಕೆ ಇನ್ನೊಂದು. ಎರಡನ್ನೂ ಒಂದೇ ಕಾಗದದಲ್ಲಿ ತುಂಬಬೇಡಿ. "ಮುಂದೆ ಬೇಕಾದರೆ ಇರಲಿ" ಅಂತ ಮಾರುವ ಅಧಿಕಾರ ಸೇರಿಸಿದ ಪತ್ರವೇ ಎಷ್ಟೋ ಮನೆಗಳಲ್ಲಿ ಅಣ್ಣತಮ್ಮಂದಿರ ಮಾತು ನಿಲ್ಲಿಸಿದೆ. ಗಿರಾಕಿ ಸಿಕ್ಕು ದರ ಕುದುರಿದ ಮೇಲೆ, ಆ ಒಂದು ಆಸ್ತಿಗೆ ಮಾತ್ರ ಎಸ್‌ಪಿಎ ಕಳಿಸಿ.

ಮುಖತ್ಯಾರ ಪತ್ರದಿಂದ ಆಗದ ಕೆಲಸಗಳೂ ಇವೆ. ನಿಮ್ಮ ಪರವಾಗಿ ಇನ್ನೊಬ್ಬರು ಮೃತ್ಯುಪತ್ರ ಬರೆಯಲು ಬರುವುದಿಲ್ಲ. ಜಿಪಿಎ ಕೊಟ್ಟು ದುಡ್ಡು ತೆಗೆದುಕೊಂಡರೆ ಆಸ್ತಿ ಮಾರಾಟವಾದಂತಲ್ಲ. 2011ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ. ಮಾಲೀಕತ್ವ ಬದಲಾಗಲು ನೋಂದಣಿಯಾದ ಖರೀದಿ ಪತ್ರವೇ ಬೇಕು. ಇನ್ನು, ಅನಿವಾಸಿಗಳು ಭಾರತದಲ್ಲಿ ಹೊಸದಾಗಿ ಕೃಷಿ ಜಮೀನು ಖರೀದಿಸುವಂತಿಲ್ಲ. ಕರ್ನಾಟಕದಲ್ಲಿ ಯಾರು ಬೇಕಾದರೂ ಹೊಲ ಕೊಳ್ಳಬಹುದು ಅಂತ 2020ರಲ್ಲಿ ಕಾನೂನು ಬದಲಾಯಿತಲ್ವಾ ಅಂತ ಕೇಳುತ್ತಾರೆ. ಅದು ರಾಜ್ಯದ ಕಾನೂನು. ಅನಿವಾಸಿಗಳ ಮೇಲಿನ ತಡೆ ವಿದೇಶಿ ವಿನಿಮಯದ ಕೇಂದ್ರ ಕಾನೂನಿನದು. ಅದು ಹಾಗೇ ಇದೆ. ವಾರಸಾದಿಂದ ಬಂದ ಹೊಲ ಇಟ್ಟುಕೊಳ್ಳಬಹುದು. ಮಾರುವುದಾದರೆ ಭಾರತದಲ್ಲೇ ಇರುವ ಭಾರತೀಯ ನಾಗರಿಕರಿಗೆ ಮಾರಬೇಕು.

ಹಂತ 3: ಯಾರಿಗೆ ಕೊಡಬೇಕು

ನಂಬಿಕೆ ಮೊದಲು ಬೇಕು, ಅದನ್ನು ಹೇಳಬೇಕಾಗಿಲ್ಲ. ಅದರ ಜೊತೆ ಇನ್ನೆರಡು ನೋಡಿ. ಒಂದು, ಆ ಮನುಷ್ಯ ಆಸ್ತಿ ಇರುವ ತಾಲ್ಲೂಕಿನಲ್ಲೇ ಇದ್ದಾರಾ? ಪುಣೆಯಲ್ಲಿ ನೌಕರಿ ಮಾಡುವ ಅಣ್ಣ ಇಂಡಿ ತಾಲ್ಲೂಕಿನ ದ್ರಾಕ್ಷಿ ತೋಟಕ್ಕೆ ತಿಂಗಳಿಗೆ ಎಷ್ಟು ಸಲ ಬಂದಾರು? ಎರಡು, ಅವರ ವಯಸ್ಸು ಮತ್ತು ಆರೋಗ್ಯ. ಮುಖತ್ಯಾರರು ತೀರಿಕೊಂಡರೆ ಪತ್ರವೂ ಮುಗಿಯುತ್ತದೆ.

ಖರ್ಚಿನ ಲೆಕ್ಕವೂ ಇಲ್ಲೇ ಬರುತ್ತದೆ. ಮಾರುವ ಅಧಿಕಾರವನ್ನು ತಂದೆ, ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು, ಒಡಹುಟ್ಟಿದವರಿಗೆ ಕೊಟ್ಟರೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಸಣ್ಣ ಮೊತ್ತ. ಇವರನ್ನು ಬಿಟ್ಟು ಬೇರೆಯವರಿಗೆ ಕೊಟ್ಟರೆ, ಆಸ್ತಿಯ ಮಾರುಕಟ್ಟೆ ಬೆಲೆಯ ಮೇಲೆ ಖರೀದಿ ಪತ್ರಕ್ಕೆ ಕಟ್ಟುವಷ್ಟೇ ಶುಲ್ಕ ಬೀಳುತ್ತದೆ. ಚಿಕ್ಕಪ್ಪನ ಮಗ, ಭಾವಮೈದುನ, ಅಳಿಯ ಈ ಪಟ್ಟಿಯಲ್ಲಿ ಇಲ್ಲ. ಎಷ್ಟೇ ಹತ್ತಿರದವರಾದರೂ ಇಲ್ಲ. ಇದನ್ನು ತಿಳಿಯದೆ ಅಳಿಯನ ಹೆಸರಿಗೆ ಪತ್ರ ಮಾಡಿಸಿ, ಶುಲ್ಕ ಕೇಳಿ ದಿಗಿಲಾದವರನ್ನು ನೋಡಿದ್ದೇನೆ.

ಇಬ್ಬರಿಗೆ ಕೊಡುವುದಾದರೆ "ಇಬ್ಬರೂ ಸೇರಿಯೇ" ಅಂತಲೋ, "ಸೇರಿಯಾಗಲಿ ಒಬ್ಬೊಬ್ಬರಾಗಿಯಾಗಲಿ" ಅಂತಲೋ ಸ್ಪಷ್ಟವಾಗಿ ಬರೆಸಿ. ಮಾರಾಟಕ್ಕೆ ಮೊದಲನೆಯದು ಕ್ಷೇಮ. ತೆರಿಗೆ ಕಟ್ಟುವಂಥ ಕೆಲಸಕ್ಕೆ ಎರಡನೆಯದು ಅನುಕೂಲ.

ಹಂತ 4: ಪತ್ರ ಬರೆಸುವುದು

ಇಲ್ಲಿ ಆತುರ ಬೇಡ. ಆಸ್ತಿ ಇರುವ ಊರಿನ ವಕೀಲರಿಂದ ಅಥವಾ ಅನುಭವ ಇರುವ ಬಾಂಡ್ ರೈಟರ್‌ನಿಂದ ಕರಡು ಮಾಡಿಸಿ. ಬೆಂಗಳೂರಿನ ಫ್ಲ್ಯಾಟಿಗೆ ಬರೆದ ನಮೂನೆಯಲ್ಲಿ ನಮ್ಮ ಹೊಲದ ಕೆಲಸಗಳು ಇರುವುದಿಲ್ಲ.

ಆಸ್ತಿಯ ವಿವರ ಉತಾರದಲ್ಲಿ ಇದ್ದ ಹಾಗೇ ಬರಬೇಕು. ಊರು, ಸರ್ವೆ ನಂಬರ್, ಹಿಸ್ಸಾ ನಂಬರ್, ಎಕರೆ-ಗುಂಟೆ, ನಾಲ್ಕೂ ದಿಕ್ಕಿನ ಚಕ್ಕುಬಂದಿ. ಬೆಳಗಾವಿಯ ಹಳೇ ಪೇಟೆಯ ಮನೆಯಾದರೆ ಸಿಟಿಎಸ್ (ಸಿಟಿ ಸರ್ವೆ) ನಂಬರ್ ಬೇಕೇ ಬೇಕು. ಪಾಲಿಕೆಯ ಮನೆ ನಂಬರ್ ಒಂದನ್ನೇ ಬರೆದರೆ ಸಾಲದು.

ಅಧಿಕಾರಗಳನ್ನು ಒಂದೊಂದಾಗಿ, ನಂಬರ್ ಹಾಕಿ ಬರೆಸಿ. "ಆಸ್ತಿಗೆ ಸಂಬಂಧಿಸಿದ ಎಲ್ಲಾ ಕೆಲಸ" ಅನ್ನುವ ಒಂದು ಸಾಲನ್ನು ನಂಬಬೇಡಿ. ಬರೆಯದ ಅಧಿಕಾರ ಇಲ್ಲ ಅಂತಲೇ ಕಚೇರಿಗಳು ಓದುತ್ತವೆ. ಜನ ಮರೆಯುವುದು ಹೆಚ್ಚಾಗಿ ಇವನ್ನು:

ತಹಶೀಲ್ದಾರ್ ಕಚೇರಿ, ನಾಡಕಚೇರಿ, ತಲಾಟಿ (ಗ್ರಾಮ ಲೆಕ್ಕಿಗ) ಹತ್ತಿರ ಅರ್ಜಿ ಕೊಡುವುದು, ಮ್ಯುಟೇಶನ್‌ಗೆ ತಕರಾರು ಹಾಕುವುದು. ಸರ್ವೆ ಇಲಾಖೆಯಲ್ಲಿ ಹದ್ದುಬಸ್ತು (ಗಡಿ ಗುರುತಿಸುವುದು), ಪೋಡಿ, 11ಇ ನಕ್ಷೆಗೆ (ಮಾರುವ ಭಾಗದ ಅಳತೆಯ ನಕ್ಷೆ) ಅರ್ಜಿ ಹಾಕಿ, ಅಳತೆಯ ದಿನ ಹಾಜರಿದ್ದು ಸಹಿ ಮಾಡುವುದು. ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರುವುದಾದರೆ 11ಇ ನಕ್ಷೆ ಇಲ್ಲದೆ ನೋಂದಣಿ ಮುಂದೆ ಹೋಗುವುದಿಲ್ಲ. ಆದ್ದರಿಂದ ಈ ಸಾಲು ಬಿಟ್ಟುಹೋದರೆ ಇಡೀ ಪತ್ರ ಕುಂಟುತ್ತದೆ. ಹೆಸ್ಕಾಂನಲ್ಲಿ ಮೀಟರ್ ಹೆಸರು ಬದಲಾಯಿಸುವುದು. ಮಾರಾಟದ ಪತ್ರವಾದರೆ ಖರೀದಿ ಪತ್ರಕ್ಕೆ ಸಹಿ ಮಾಡುವುದು, ಅದನ್ನು ಸಬ್ ರಜಿಸ್ಟ್ರಾರ್ ಮುಂದೆ ನೋಂದಣಿಗೆ ಹಾಜರುಪಡಿಸುವುದು, ಸಹಿ ಮಾಡಿದ್ದು ನಿಜ ಅಂತ ಒಪ್ಪಿಕೊಳ್ಳುವುದು. ಈ ಮೂರೂ ಬೇರೆ ಬೇರೆ ಅಧಿಕಾರಗಳು. ಮೂರನ್ನೂ ಬರೆಸಿ.

ಬಾಗಲಕೋಟೆ, ವಿಜಯಪುರ ಕಡೆ ಮುಳುಗಡೆಗೆ ಹೋಗುವ ಜಮೀನು ಇದ್ದರೆ ಇನ್ನೊಂದು ವಿಷಯ. ಭೂಸ್ವಾಧೀನ ಅಧಿಕಾರಿ ಮುಂದೆ ಹಾಜರಾಗುವುದು, ಪರಿಹಾರಕ್ಕೆ ಅರ್ಜಿ ಕೊಡುವುದು, ಹೆಚ್ಚುವರಿ ಪರಿಹಾರಕ್ಕೆ ಕೋರ್ಟಿಗೆ ಹೋಗುವುದನ್ನು ಪತ್ರದಲ್ಲಿ ಸೇರಿಸಿ. ಆದರೆ ಪರಿಹಾರದ ಹಣ ಮಾಲೀಕರ ಖಾತೆಗೇ ಬರಬೇಕು ಅಂತಲೂ ಅದೇ ಸಾಲಿನಲ್ಲಿ ಬರೆಸಿ. ತಲೆಮಾರಿನ ಹೊಲ ಹೋಗಿ ಬರುವ ಹಣ ಅದು. ಬೇರೆಯವರ ಖಾತೆಗೆ ಹೋದ ಮೇಲೆ ವಾಪಸ್ ತರುವುದು ಬಹಳ ಕಷ್ಟ.

ಹೊಲವನ್ನು ಲಾವಣಿಗೆ (ಗೇಣಿಗೆ) ಕೊಡುವ ವಿಷಯದಲ್ಲಿ ಎಚ್ಚರ. ನಮ್ಮಲ್ಲಿ ಲಾವಣಿ, ಕೋರು (ಪಾಲಿನ ಸಾಗುವಳಿ) ರೂಢಿಯಲ್ಲಿವೆ. ಆದರೆ ಕರ್ನಾಟಕದ ಭೂಸುಧಾರಣೆ ಕಾಯ್ದೆ, ಸೈನಿಕರಂಥ ಕೆಲವರನ್ನು ಬಿಟ್ಟು, ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ಒಪ್ಪುವುದಿಲ್ಲ. ಪತ್ರದಲ್ಲಿ "ಸಾಗುವಳಿ ಮಾಡಿಸುವುದು, ಬೆಳೆ ಮಾರುವುದು, ಕಾರ್ಖಾನೆಗೆ ಕಬ್ಬು ಕಳಿಸಿ ಬಿಲ್ಲು ಪಡೆಯುವುದು" ಅಂತ ಬರೆಸಿ, ಅಷ್ಟು ಸಾಕು.

ಆಮೇಲೆ ಬೇಲಿಗಳು. ಮುಖತ್ಯಾರರು ಏನು ಮಾಡಬಾರದು ಅನ್ನುವುದನ್ನೂ ಬರೆಸಬೇಕು. ಆಸ್ತಿಯ ಮೇಲೆ ಸಾಲ ಎತ್ತುವಂತಿಲ್ಲ. ದಾನ ಕೊಡುವಂತಿಲ್ಲ. ತನ್ನ ಹೆಸರಿಗೋ ತನ್ನ ಹೆಂಡತಿ ಮಕ್ಕಳ ಹೆಸರಿಗೋ ಬರೆದುಕೊಳ್ಳುವಂತಿಲ್ಲ. ಈ ಅಧಿಕಾರವನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಮಾರಾಟವಾದರೆ ಇಷ್ಟು ರೂಪಾಯಿಗಿಂತ ಕಡಿಮೆಗೆ ಮಾರುವಂತಿಲ್ಲ. ವರ್ಷಕ್ಕೊಮ್ಮೆ ಲೆಕ್ಕ ಕೊಡಬೇಕು. ಕೊನೆಗೆ, ಪತ್ರ ಯಾವ ತಾರೀಖಿನವರೆಗೆ ಅಂತ ಬರೆಸಿ. ನೋಡಿಕೊಳ್ಳುವುದಕ್ಕೆ ಎರಡು ವರ್ಷ, ಮಾರಾಟಕ್ಕೆ ಆರು ತಿಂಗಳು, ಇದು ನಾನು ಹೇಳುವ ಅವಧಿ. "ರದ್ದು ಮಾಡಲಾಗದ" ಅನ್ನುವ ಪದ, "ಪ್ರತಿಫಲ ಪಡೆದು" ಅನ್ನುವ ಪದ ಕರಡಿನಲ್ಲಿ ಕಂಡರೆ ಅಲ್ಲೇ ನಿಲ್ಲಿಸಿ, ಯಾಕೆ ಅಂತ ಕೇಳಿ. ಪಡೆಯುವವರಿಗೂ ಆಸ್ತಿಯಲ್ಲಿ ಹಿತಾಸಕ್ತಿ ಇದೆ ಅಂತಾದರೆ ಆಮೇಲೆ ಪತ್ರ ವಾಪಸ್ ಪಡೆಯುವುದು ಕೈಮೀರುತ್ತದೆ.

ಕರಡು ಮುಗಿದ ಮೇಲೆ ಅದನ್ನು ಸಬ್ ರಜಿಸ್ಟ್ರಾರ್ ಆಫೀಸಿನಲ್ಲಿ ಒಮ್ಮೆ ತೋರಿಸಿ. "ಹೀಗೆ ಬಂದರೆ ನಡೆಯುತ್ತದಾ?" ಅಂತ ಕೇಳಿ. ಎರಡನೇ ಸಲ ನಾವು ಹೀಗೇ ಮಾಡಿದೆವು. ಅಲ್ಲಿಯ ಗುಮಾಸ್ತರು ಒಂದು ಹಿಸ್ಸಾ ನಂಬರ್ ತಪ್ಪಿದ್ದನ್ನು ಬೆರಳಿಟ್ಟು ತೋರಿಸಿದರು.

ಹಂತ 5: ಸಹಿ ಮಾಡುವುದು

ಎರಡು ದಾರಿ ಇವೆ. ಊರಿಗೆ ಬರುವುದು ಹತ್ತಿರ ಇದ್ದರೆ ಬಂದಾಗಲೇ ಮಾಡಿ. ಇಲ್ಲಿ ನೀವು ಇಳಿದುಕೊಂಡಿರುವ ವ್ಯಾಪ್ತಿಯ ಸಬ್ ರಜಿಸ್ಟ್ರಾರ್ ಮುಂದೆ ಸಹಿ ಮಾಡಿ ನೋಂದಣಿ ಮಾಡಿಸಿದರೆ ಮುಂದಿನ ತಾಪತ್ರಯಗಳು ಅರ್ಧ ಕಡಿಮೆ. ಬರೀ ನೋಟರಿ ಮಾಡಿಸಿ ವಿಮಾನ ಹತ್ತಬೇಡಿ. ಭಾರತದಲ್ಲಿ ಇದ್ದಾಗ ಮಾಡಿದ ನೋಟರಿ ಪತ್ರವನ್ನು ಹಿಡಿದು ಇನ್ನೊಬ್ಬರು ನೋಂದಣಿಗೆ ಹೋದರೆ ಸಬ್ ರಜಿಸ್ಟ್ರಾರ್ ಒಪ್ಪುವುದಿಲ್ಲ. ರಜೆಯ ಕೊನೆಯ ದಿನಕ್ಕೆ ಈ ಕೆಲಸ ಇಟ್ಟುಕೊಳ್ಳಬೇಡಿ. ಸರ್ವರ್ ಇಲ್ಲ ಅಂದರೆ ಆ ದಿನ ಹೋಯಿತು.

ವಿದೇಶದಲ್ಲೇ ಮಾಡುವುದಾದರೆ ನೋಂದಣಿ ಕಾಯ್ದೆಯ 33ನೇ ಕಲಂ ಪ್ರಕಾರ ಅಲ್ಲಿನ ನೋಟರಿ, ನ್ಯಾಯಾಧೀಶರು ಅಥವಾ ಭಾರತದ ಕಾನ್ಸುಲ್ ಮುಂದೆ ಸಹಿ ಮಾಡಿ ದೃಢೀಕರಿಸಬೇಕು. ಕಾನೂನಿನಲ್ಲಿ ನೋಟರಿ ಅಂತ ಇದ್ದರೂ, ಇಲ್ಲಿಯ ಕಚೇರಿಗಳು ಅದರ ಮೇಲೆ ಅಪೊಸ್ಟಿಲ್ (ಬೇರೆ ದೇಶದಲ್ಲೂ ನಡೆಯುವಂತೆ ಆ ದೇಶದ ಸರ್ಕಾರ ಹಾಕುವ ದೃಢೀಕರಣ) ಅಥವಾ ಎಂಬಸಿಯ ಶಿಕ್ಕಾ ನೋಡುತ್ತವೆ. ನನ್ನ ಸಲಹೆ: ಕಾನ್ಸುಲೇಟ್ ಹತ್ತಿರ ಇದ್ದರೆ ಅಲ್ಲಿಗೇ ಹೋಗಿ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದಲ್ಲಿ ಅದು ದೂರವಾದರೆ ನೋಟರಿ ಮಾಡಿಸಿ ಅಪೊಸ್ಟಿಲ್ ಹಾಕಿಸಬಹುದು. ದುಬೈ, ಕತಾರ್, ಕುವೈತ್‌ನಲ್ಲಿ ಅಪೊಸ್ಟಿಲ್ ದಾರಿ ಇಲ್ಲ. ಅಲ್ಲಿ ಭಾರತದ ಎಂಬಸಿ ಅಥವಾ ಕಾನ್ಸುಲೇಟೇ ಗತಿ.

ಮನೆಯಲ್ಲಿ ಮೊದಲೇ ಸಹಿ ಮಾಡಿಕೊಂಡು ಹೋಗಬೇಡಿ. ಅಧಿಕಾರಿಯ ಕಣ್ಣೆದುರೇ ಸಹಿ ಆಗಬೇಕು. ಸಾಕ್ಷಿಗಳು ಎಷ್ಟು ಜನ ಬೇಕು, ಅವರೂ ಬರಬೇಕಾ ಅನ್ನುವುದು ಒಂದೊಂದು ಕಡೆ ಒಂದೊಂದು ರೀತಿ. ಆ ಕಾನ್ಸುಲೇಟಿನ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಪ್ರತಿ ಹಾಳೆಯ ಕೆಳಗೂ ಸಹಿ ಇರಲಿ, ಪ್ರತಿ ಹಾಳೆಯ ಮೇಲೂ ಶಿಕ್ಕಾ ಬೀಳಲಿ. ಕೊನೆಯ ಹಾಳೆಗೆ ಮಾತ್ರ ಶಿಕ್ಕಾ ಇದ್ದರೆ ನಡುವಿನ ಹಾಳೆ ಬದಲಾಯಿಸಿದ್ದೀರಿ ಅನ್ನುವ ಅನುಮಾನಕ್ಕೆ ದಾರಿ. ಮಾಲೀಕರ ಫೋಟೋ, ಹೆಬ್ಬೆಟ್ಟಿನ ಗುರುತು ಇರಲಿ. ಮುಖತ್ಯಾರರ ಫೋಟೋ ಅಂಟಿಸಿ, ಅವರ ಸಹಿಗೆ ಜಾಗ ಬಿಡಿ.

ಕಾನ್ಸುಲೇಟಿನವರು ನೋಡುವುದು ಸಹಿ ಮಾಡಿದ್ದು ನೀವೇನಾ ಅಂತ ಮಾತ್ರ. ಒಳಗಿನ ವಿಷಯ ಸರಿಯಿದೆ ಅಂತ ಅವರು ಹೇಳುವುದಿಲ್ಲ. ಶಿಕ್ಕಾ ಬಿತ್ತು ಅಂದರೆ ಪತ್ರ ಸರಿಯಿದೆ ಅಂತ ತಿಳಿಯಬೇಡಿ.

ಅಣ್ಣತಮ್ಮಂದಿರು ಬೇರೆ ಬೇರೆ ದೇಶದಲ್ಲಿದ್ದರೆ ಒಬ್ಬೊಬ್ಬರು ಒಂದೊಂದು ಪತ್ರ ಮಾಡಿ. ಒಂದೇ ಕಾಗದವನ್ನು ಎರಡು ದೇಶ ಸುತ್ತಿಸಬೇಡಿ.

ಹಂತ 6: ಕೊರಿಯರ್ ಕವರ್ ಮತ್ತು ಮೂರು ತಿಂಗಳು

ನಮ್ಮ ಮೊದಲ ಪತ್ರ ಕೆಟ್ಟಿದ್ದು ಇಲ್ಲಿ. ಹೊರದೇಶದಲ್ಲಿ ಸಹಿಯಾದ ಪತ್ರ ಇಲ್ಲಿಗೆ ತಲುಪಿದ ದಿನದಿಂದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಕರ್ನಾಟಕ ಮುದ್ರಾಂಕ ಕಾಯ್ದೆಯ 18ನೇ ಕಲಂ ಇದನ್ನು ಹೇಳುತ್ತದೆ. ನನಗೆ ಗೊತ್ತಿರಲಿಲ್ಲ. ಪತ್ರ ಬಂತು, ಮನೆಯ ಟ್ರೆಜರಿಯಲ್ಲಿ (ಬೀರುವಿನಲ್ಲಿ) ಇಟ್ಟೆ. ಕವರನ್ನು ಅವ್ವ ಒಲೆಗೆ ಹಾಕಿದಳು. ಐದು ತಿಂಗಳ ಮೇಲೆ ಗಿರಾಕಿ ಬಂದಾಗ ಪತ್ರ ಹೊರತೆಗೆದೆ. ಅವಧಿ ದಾಟಿತ್ತು. ದಂಡದ ದಾರಿ ಹಿಡಿಯುವ ಬದಲು ಹೊಸ ಪತ್ರವೇ ಮಾಡಿಸಿದೆವು. ಅಷ್ಟರಲ್ಲಿ ಆ ಗಿರಾಕಿ ಬೇರೆ ಕಡೆ ಹೊಲ ತೆಗೆದುಕೊಂಡಿದ್ದರು.

ಆದ್ದರಿಂದ ಕವರ್ ಬಿಸಾಡಬೇಡಿ. ಅದರ ಮೇಲಿನ ಚೀಟಿ, ಅಂದರೆ ಕಳಿಸಿದ ದೇಶ, ತಾರೀಖು, ಟ್ರ್ಯಾಕಿಂಗ್ ನಂಬರ್ ಇರುವ ಚೀಟಿಯೇ ಪತ್ರ ಯಾವತ್ತು ಬಂತು ಅನ್ನುವುದಕ್ಕೆ ಪುರಾವೆ. ತಲುಪಿದ ದಿನದ ಟ್ರ್ಯಾಕಿಂಗ್ ಪುಟವನ್ನೂ ಪ್ರಿಂಟ್ ತೆಗೆದು ಅದರ ಜೊತೆ ಪಿನ್ ಮಾಡಿ. ಯಾರಾದರೂ ಊರಿಗೆ ಬರುವವರ ಕೈಯಲ್ಲಿ ಕಳಿಸಿದರೆ ಅವರ ಪಾಸ್‌ಪೋರ್ಟಿನ ವಲಸೆ ಶಿಕ್ಕಾದ ಪ್ರತಿ ಇಟ್ಟುಕೊಳ್ಳಿ.

ಪತ್ರ, ಕವರ್, ಇಬ್ಬರ ಗುರುತಿನ ಚೀಟಿ, ಆಸ್ತಿಯ ಉತಾರ ಹಿಡಿದು ನಿಮ್ಮ ಜಿಲ್ಲೆಯ ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ ಅರ್ಜಿ ಕೊಡಿ. ತಾಲ್ಲೂಕಿನ ಸಬ್ ರಜಿಸ್ಟ್ರಾರ್ ಅಲ್ಲ, ಜಿಲ್ಲೆಯವರು. ಅವರು ಶುಲ್ಕ ಎಷ್ಟು ಅಂತ ತೀರ್ಮಾನಿಸುತ್ತಾರೆ. ಕಟ್ಟಿದ ಮೇಲೆ ಪತ್ರದ ಮೇಲೇ ಬರೆದು ಶಿಕ್ಕಾ ಹಾಕಿಕೊಡುತ್ತಾರೆ. ಆ ಬರಹ ಬಿದ್ದ ಮೇಲೆಯೇ ನಿಮ್ಮ ಪತ್ರಕ್ಕೆ ಇಲ್ಲಿ ಜೀವ. ಅಲ್ಲಿಯವರೆಗೆ ಮೂಲ ಪ್ರತಿಯನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಹಾಗೆ ಮಾಡಿಸಿದ ಪತ್ರದ ಮೇಲೆ ಶಿಕ್ಕಾ ಎಲ್ಲಿ ಹಾಕುವುದು?

ಹಂತ 7: ದುಡ್ಡಿನ ದಾರಿ ಮೊದಲೇ ಹಾಕಿ

ವಿದೇಶಕ್ಕೆ ನೌಕರಿಗೆ ಹೋದ ಮೇಲೆ ನಿಮ್ಮ ಹಳೇ ಉಳಿತಾಯ ಖಾತೆ ಎನ್‌ಆರ್‌ಒ ಖಾತೆಯಾಗಿ, ಅಂದರೆ ಅನಿವಾಸಿಗಳ ರೂಪಾಯಿ ಖಾತೆಯಾಗಿ, ಬದಲಾಗಬೇಕು. ಬಾಡಿಗೆ, ಕಬ್ಬಿನ ಬಿಲ್ಲು, ಮಾರಾಟದ ಹಣ ಎಲ್ಲಾ ಅಲ್ಲಿಗೇ ಬರಲಿ. ಮುಖತ್ಯಾರರ ಖಾತೆಗೆ ಬಂದು ಆಮೇಲೆ ನಿಮಗೆ ಬರುವ ಏರ್ಪಾಡು ಬೇಡ. ಅದು ಒಳ್ಳೆಯ ಸಂಬಂಧವನ್ನೂ ಕೆಡಿಸುತ್ತದೆ. ಆದಾಯ ತೆರಿಗೆಯಲ್ಲಿ ಅವರಿಗೂ ತೊಂದರೆ.

ಮನೆ ಬಾಡಿಗೆಗೆ ಇದ್ದರೆ, ಮಾಲೀಕರು ಅನಿವಾಸಿ ಅಂತ ಬಾಡಿಗೆದಾರರಿಗೆ ತಿಳಿಸಿ. ಅವರು ಬಾಡಿಗೆಯಲ್ಲಿ ಆದಾಯ ತೆರಿಗೆ ಅಂತ ಶೇ 30 ಮತ್ತು ಅದರ ಮೇಲಿನ ಸೆಸ್ ಮುರಿದು ಸರ್ಕಾರಕ್ಕೆ ಕಟ್ಟಬೇಕು. ಜಾಸ್ತಿ ಅನ್ನಿಸಿದರೂ, ರಿಟರ್ನ್ ಹಾಕಿದಾಗ ಹೆಚ್ಚಾದದ್ದು ವಾಪಸ್ ಬರುತ್ತದೆ.

ಮಾರಾಟದಲ್ಲಿ ಇನ್ನೂ ದೊಡ್ಡ ತಪ್ಪು ನಡೆಯುತ್ತದೆ. ಖರೀದಿದಾರರು ಇಲ್ಲಿಯ ಮಾರಾಟಗಾರರಿಗೆ ಮುರಿಯುವ ಹಾಗೆ ತೆರಿಗೆ ಅಂತ ಶೇ 1 ಮುರಿದು ಸುಮ್ನೆ ಇರುತ್ತಾರೆ. ಮುಖತ್ಯಾರರ ಮುಖ ನೋಡಿ ಮಾಲೀಕರೂ ಇಲ್ಲಿಯವರೇ ಅಂದುಕೊಂಡಿರುತ್ತಾರೆ. ಮಾರುವವರು ಅನಿವಾಸಿಯಾದರೆ ಆ ಲೆಕ್ಕ ನಡೆಯುವುದಿಲ್ಲ. ಮುರಿತ ತುಂಬಾ ಹೆಚ್ಚು. ಕಡಿಮೆ ಮುರಿತದ ಪ್ರಮಾಣಪತ್ರಕ್ಕೆ ಆದಾಯ ತೆರಿಗೆ ಇಲಾಖೆಗೆ ಮೊದಲೇ ಅರ್ಜಿ ಹಾಕಬಹುದು. ಅದಕ್ಕೆ ಸಮಯ ಹಿಡಿಯುತ್ತದೆ, ಆದ್ದರಿಂದ ಸಂಚಕಾರ ತೆಗೆದುಕೊಂಡ ಕೂಡಲೇ ಸಿಎ ಅವರನ್ನು ಕಾಣಿ.

ಹಳ್ಳಿಯ ಕೃಷಿ ಜಮೀನಿನ ಮಾರಾಟಕ್ಕೆ ಈ ತೆರಿಗೆ ಇಲ್ಲ. ಆದರೆ "ಹಳ್ಳಿ" ಅನ್ನುವುದನ್ನು ಅಳತೆ ಮಾಡಿ ನೋಡುತ್ತಾರೆ. ಬೆಳಗಾವಿ, ವಿಜಯಪುರದಂಥ 1 ಲಕ್ಷದಿಂದ 10 ಲಕ್ಷ ಜನಸಂಖ್ಯೆಯ ಊರಿನ ಗಡಿಯಿಂದ 6 ಕಿ.ಮೀ. ಒಳಗಿದ್ದರೆ ಅದು ಹಳ್ಳಿಯ ಜಮೀನಲ್ಲ. 10 ಸಾವಿರದಿಂದ 1 ಲಕ್ಷದ ಊರಾದರೆ 2 ಕಿ.ಮೀ. ದೂರವನ್ನು ರಸ್ತೆಯ ಮೇಲೆ ಅಳೆಯುವುದಿಲ್ಲ, ನೇರ ಗೆರೆ ಎಳೆದು ಅಳೆಯುತ್ತಾರೆ.

ಹಣವನ್ನು ಹೊರದೇಶಕ್ಕೆ ಒಯ್ಯುವುದಾದರೆ ಎನ್‌ಆರ್‌ಒ ಖಾತೆಯಿಂದ ಒಂದು ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಅವಕಾಶ ಇದೆ. ತೆರಿಗೆ ಕಟ್ಟಿದ್ದಕ್ಕೆ ಸಿಎ ಪ್ರಮಾಣಪತ್ರ ಬೇಕು.

ಹಂತ 8: ನೋಂದಣಿಯ ದಿನ

ಅರ್ಜಿ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಹೋಗುತ್ತದೆ. ದಾಖಲೆ ಪರಿಶೀಲನೆ, ಶುಲ್ಕ, ಆಮೇಲೆ ಸಮಯ ಕೊಡುತ್ತಾರೆ. ಮುಖತ್ಯಾರರು ಪತ್ರದ ಮೂಲ ಪ್ರತಿಯನ್ನೇ ಒಯ್ಯಬೇಕು, ಝೆರಾಕ್ಸ್ ನಡೆಯುವುದಿಲ್ಲ. ಪತ್ರ ಇನ್ನೂ ಜಾರಿಯಲ್ಲಿದೆ, ಕೊಟ್ಟವರು ಬದುಕಿದ್ದಾರೆ ಅಂತ ಅವರಿಂದ ಘೋಷಣೆ ಕೇಳುತ್ತಾರೆ. ಇದು ಬರೀ ಶಾಸ್ತ್ರಕ್ಕಲ್ಲ. ಮಾಲೀಕರು ತೀರಿಕೊಂಡ ಕ್ಷಣಕ್ಕೆ ಸಾಮಾನ್ಯ ಮುಖತ್ಯಾರ ಪತ್ರ ಮುಗಿಯುತ್ತದೆ. ಗೊತ್ತಿದ್ದೂ ಅದನ್ನು ಬಳಸಿದರೆ ಖರೀದಿ ಪತ್ರ ಬೀಳುತ್ತದೆ, ಮುಖತ್ಯಾರರ ಮೇಲೆ ಕೇಸೂ ಆಗುತ್ತದೆ.

ಖರೀದಿ ಪತ್ರದಲ್ಲಿ ಮಾರುವವರು ಅಂತ ಮಾಲೀಕರ ಹೆಸರು ಬರಬೇಕು, "ಇವರ ಪರವಾಗಿ ಮುಖತ್ಯಾರರು" ಅಂತ ಆಮೇಲೆ. ಪ್ಯಾನ್ ನಂಬರ್ ಮಾಲೀಕರದ್ದು. ಎಷ್ಟೋ ಪತ್ರಗಳಲ್ಲಿ ಅವಸರಕ್ಕೆ ಮುಖತ್ಯಾರರ ಪ್ಯಾನ್ ಹಾಕಿಬಿಡುತ್ತಾರೆ. ಆಗ ತೆರಿಗೆಯ ಲೆಕ್ಕ ಅವರ ಮೇಲೆ ಬೀಳುತ್ತದೆ.

ಹಂತ 9: ದೂರದಿಂದ ಕಣ್ಣಿಡುವುದು

ಮೂರು ತಿಂಗಳಿಗೊಮ್ಮೆ ಉತಾರ ತೆರೆದು ನೋಡಿ. ಆರು ತಿಂಗಳಿಗೊಮ್ಮೆ ಕಾವೇರಿಯಲ್ಲಿ ಇಸಿ ತೆಗೆಯಿರಿ. ಅಷ್ಟಕ್ಕೆ ಯಾರ ಸಹಾಯವೂ ಬೇಡ, ಯಾರ ಮೇಲೂ ಅನುಮಾನ ಪಟ್ಟಂತೆಯೂ ಅಲ್ಲ. ನನ್ನ ತಮ್ಮ ನೋಡುತ್ತಾನೆ. ನೋಡು ಅಂತ ನಾನೇ ಅವನಿಗೆ ಹೇಳಿದ್ದೇನೆ.

ಯಾವುದು ಕಂಡರೆ ಎಚ್ಚರ ಆಗಬೇಕು? 11ನೇ ಕಾಲಂನಲ್ಲಿ ನಿಮಗೆ ಗೊತ್ತಿಲ್ಲದ ಬ್ಯಾಂಕ್ ಅಥವಾ ಸೊಸೈಟಿ ಸಾಲ. 12ನೇ ಕಾಲಂನಲ್ಲಿ ಬೇರೆಯವರ ಸಾಗುವಳಿ. ಬಾಕಿ ಇರುವ ಮ್ಯುಟೇಶನ್. ತೆರಿಗೆ ಕಟ್ಟಿದೆ ಅನ್ನುತ್ತಾರೆ, ರಸೀದಿ ಫೋಟೋ ಕಳಿಸುವುದಿಲ್ಲ. "ಒಂದು ಖಾಲಿ ಬಾಂಡ್ ಮೇಲೆ ಸಹಿ ಮಾಡಿ ಕಳಿಸು, ಇಲ್ಲಿ ಬರೆಸಿಕೊಳ್ಳುತ್ತೇನೆ" ಅನ್ನುತ್ತಾರೆ. ಈ ಕೊನೆಯದಕ್ಕೆ, ಕೇಳಿದವರು ಸ್ವಂತ ಅಪ್ಪನೇ ಆದರೂ, ಒಪ್ಪಬೇಡಿ.

ಕೋರ್ಟಿನಲ್ಲಿ ಕೇಸು ಇದ್ದರೆ ಇನ್ನೊಂದು ಮಾತು. ಮುಖತ್ಯಾರರು ನಿಮ್ಮ ಪರವಾಗಿ ದಾವೆ ಹೂಡಬಹುದು, ವಕೀಲರನ್ನು ನೇಮಿಸಬಹುದು. ಆದರೆ ನಿಮಗೆ ಮಾತ್ರ ಗೊತ್ತಿರುವ ಸಂಗತಿಗೆ ಅವರು ಸಾಕ್ಷಿ ಹೇಳಲು ಆಗುವುದಿಲ್ಲ. ಅದಕ್ಕೆ ನೀವೇ ಹಾಜರಾಗಬೇಕು. ರಜೆಯನ್ನು ಆ ತಾರೀಖಿಗೆ ಹೊಂದಿಸಿಕೊಳ್ಳಿ.

ಹಂತ 10: ರದ್ದು ಮಾಡುವುದು

ಫೋನಿನಲ್ಲಿ "ಇನ್ನು ಸಾಕು" ಅಂದರೆ ಸಾಲದು. ಕೊಟ್ಟ ರೀತಿಯಲ್ಲೇ ರದ್ದು ಮಾಡಬೇಕು. ಎಂಬಸಿಯಲ್ಲಿ ಮಾಡಿದ್ದಾದರೆ ಅಲ್ಲೇ ರದ್ದು ಪತ್ರ ಮಾಡಿಸಿ ಕಳಿಸಿ, ಅದಕ್ಕೂ ಇಲ್ಲಿ ಶುಲ್ಕ ಕಟ್ಟಿಸಿ. ಇಲ್ಲಿ ನೋಂದಣಿಯಾದದ್ದಾದರೆ ರದ್ದು ಪತ್ರವೂ ನೋಂದಣಿಯಾಗಬೇಕು.

ಆಮೇಲೆ ತಿಳಿಸುವ ಕೆಲಸ. ಮುಖತ್ಯಾರರಿಗೆ ಸ್ವೀಕೃತಿ ಬರುವ ಹಾಗೆ ಅಂಚೆಯಲ್ಲಿ ನೋಟಿಸ್ ಕಳಿಸಿ. ಸಬ್ ರಜಿಸ್ಟ್ರಾರ್, ತಹಶೀಲ್ದಾರ್ ಕಚೇರಿ, ಬ್ಯಾಂಕ್, ಬಾಡಿಗೆದಾರರು, ಸಕ್ಕರೆ ಕಾರ್ಖಾನೆ, ಎಲ್ಲರಿಗೂ ಪ್ರತಿ ಕೊಡಿ. ಆ ಜಿಲ್ಲೆಯಲ್ಲಿ ಜನ ಓದುವ ಕನ್ನಡ ಪತ್ರಿಕೆಯಲ್ಲಿ ಸಣ್ಣ ಜಾಹೀರು ನೋಟಿಸ್ ಹಾಕಿಸಿ, ಬೆಳಗಾವಿಯಾದರೆ ಮರಾಠಿ ಪತ್ರಿಕೆಯಲ್ಲೂ ಹಾಕಿಸಿ. ರದ್ದಾದದ್ದು ಗೊತ್ತಿಲ್ಲದೆ ವ್ಯವಹಾರ ಮಾಡಿದ ಮೂರನೆಯವರ ಪರವಾಗಿ ಕಾನೂನು ನಿಲ್ಲುತ್ತದೆ. ಆದ್ದರಿಂದ ತಿಳಿಸಿದ್ದಕ್ಕೆ ಪ್ರತಿಯೊಂದು ಕಡೆಯಿಂದಲೂ ಸ್ವೀಕೃತಿ ಶಿಕ್ಕಾ ಹಾಕಿಸಿಕೊಳ್ಳಿ.

ಕೊನೆಗೆ ಮೂಲ ಪತ್ರವನ್ನು ವಾಪಸ್ ಕೇಳಿ ಪಡೆಯಿರಿ. ಪ್ರತಿ ಹಾಳೆಯ ಮೇಲೂ ಅಡ್ಡಗೆರೆ ಎಳೆದು, "ರದ್ದಾಗಿದೆ" ಅಂತ ತಾರೀಖು ಹಾಕಿ ಬರೆದು, ರದ್ದು ಪತ್ರದ ಜೊತೆ ಒಂದೇ ಫೈಲಿನಲ್ಲಿ ಇಡಿ.